ನೀರು-ಪ್ರಶ್ನೋತ್ತರ: ಮಧ್ಯಾಹ್ನದ 9.4 ನಂಬಬಹುದೇ?

ಪ್ರಶ್ನೆ: ತುಂಗಭದ್ರಾ ಅಣೆಕಟ್ಟಿನ ಕೆಳಗೆ, ಕಂಪ್ಲಿ ಹತ್ತಿರ ನಮ್ಮ ವಿದ್ಯಾರ್ಥಿಗಳು ಹೊಳೆ ನೀರು ಪರೀಕ್ಷಿಸುತ್ತಿದ್ದಾರೆ. ಮಧ್ಯಾಹ್ನ 3ಕ್ಕೆ ಕರಗಿದ ಆಮ್ಲಜನಕ ಲೀಟರಿಗೆ 9.4 ಮಿಲಿಗ್ರಾಂ ಬಂತು. ನೀರು 30 ಡಿಗ್ರಿ, ಬಣ್ಣ ಹಸಿರು. 6 ದಾಟಿದರೆ ಒಳ್ಳೆಯ ನೀರಲ್ಲವೇ?

ಉತ್ತರ: 9.4 ನೋಡಿ ಹಿಗ್ಗಬೇಡಿ. 30 ಡಿಗ್ರಿಯ ನೀರು ಗಾಳಿಯಿಂದ ಹೀರಿಕೊಳ್ಳುವುದೇ ಸಮುದ್ರಮಟ್ಟದಲ್ಲಿ ಸುಮಾರು 7.6, ನಿಮ್ಮೂರಿನ ಎತ್ತರಕ್ಕೆ ಇನ್ನೂ ತುಸು ಕಡಿಮೆ. ಕ್ರಸ್ಟ್ ಗೇಟ್ (ಅಣೆಕಟ್ಟಿನ ಮೇಲ್ಭಾಗದ ಬಾಗಿಲು) ತೆರೆದು ನೀರು ಧುಮುಕುತ್ತಿದ್ದರೆ ಗಾಳಿ ಒಳಗೆ ಒತ್ತಲ್ಪಟ್ಟು ಅಂಕಿ ಏರುವುದುಂಟು. ಗೇಟ್ ಮುಚ್ಚಿದ್ದರೆ ಇದು ಪಾಚಿಯ ಕೆಲಸವೆಂದೇ ಲೆಕ್ಕ. ಬಿಸಿಲಲ್ಲಿ ಆಮ್ಲಜನಕ ಬಿಡುವ ಪಾಚಿ ರಾತ್ರಿಯಿಡೀ ಅದನ್ನೇ ಉಸಿರಾಡಿ ಖಾಲಿ ಮಾಡುತ್ತದೆ. ಇಂಥ ನೀರಿನಲ್ಲಿ ಮೀನು ಸಾಯುವುದು ಕೋಳಿ ಕೂಗುವ ಹೊತ್ತಿಗೆ. ಆದ್ದರಿಂದ ಬೆಳಿಗ್ಗೆ 5.30–6.30ರ ನಡುವೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ ಅಳೆಯಿರಿ. ಪಕ್ಕದಲ್ಲೇ ಗಂಟೆ, ನೀರಿನ ಉಷ್ಣತೆ, ಗೇಟ್ ಮತ್ತು ಪವರ್ ಹೌಸ್ ಸ್ಥಿತಿ ಬರೆದಿಡಿ. ಇವಿಲ್ಲದ ಅಂಕಿಯಿಂದ ಏನೂ ತಿಳಿಯದು.

ಇನ್ನು ಆ 6. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಎ’ ದರ್ಜೆಗೆ (ಸೋಂಕು ನಿವಾರಿಸಿದರೆ ಸಾಕು, ಕುಡಿಯಬಹುದಾದ ನೀರು) ಅದೊಂದೇ ಸಾಲದು: ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಲೀಟರಿಗೆ 2 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮ್ (ಮಲಿನತೆಯನ್ನು ಸೂಚಿಸುವ ಬ್ಯಾಕ್ಟೀರಿಯಾ) 50 ದಾಟಬಾರದು. ಊರುಗಳ ಚರಂಡಿ ಸೇರುವ ಹೊಳೆಯಲ್ಲಿ ಕೊನೆಯದೇ ಕಷ್ಟ.

ಪ್ರಶ್ನೆ: ಹೊಳೆಯಲ್ಲಿ ಮೀಟರ್ 5.1 ತೋರಿಸಿತು. ಅದೇ ನೀರನ್ನು ಕ್ಯಾನಿನಲ್ಲಿ ಲ್ಯಾಬಿಗೆ ಒಯ್ದು ವಿಂಕ್ಲರ್ (ರಾಸಾಯನಿಕ ಹಾಕಿ ಕರಗಿದ ಆಮ್ಲಜನಕ ಅಳೆಯುವ ವಿಧಾನ) ಮಾಡಿದರೆ 6.8. ಯಾವುದು ಸರಿ?

ಉತ್ತರ: ಕ್ಯಾನಿನದು ಖಂಡಿತ ತಪ್ಪು. ದಾರಿಯುದ್ದಕ್ಕೂ ಕುಲುಕಿ ಗಾಳಿ ಬೆರೆತಿದೆ. ಆಮ್ಲಜನಕವನ್ನು ದಡದಲ್ಲೇ ‘ಕಟ್ಟಿ ಹಾಕಬೇಕು’. 300 ಮಿಲಿಲೀಟರಿನ ಬಿಒಡಿ ಬಾಟಲಿಯ ತಳದವರೆಗೆ ಕೊಳವೆ ಇಳಿಸಿ, ಬಾಟಲಿಯ ಎರಡು-ಮೂರು ಪಟ್ಟು ನೀರು ಉಕ್ಕಿ ಹರಿಯುವಂತೆ ತುಂಬಿ. ಒಂದು ಗುಳ್ಳೆಯೂ ಉಳಿಯಬಾರದು. ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಅದ್ದಿ 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ 2 ಮಿಲಿಲೀಟರ್ ಆಲ್ಕಲಿ-ಅಯೊಡೈಡ್-ಅಝೈಡ್ ಹಾಕಿ, ಮುಚ್ಚಿ, ಬುಡಮೇಲು ಮಾಡಿ ಕಲಸಿ. ಕಂದು ಗಸಿ ಬಂದರೆ ಆಮ್ಲಜನಕ ಇದೆ. ಹಾಲಿನಂತೆ ಬೆಳ್ಳಗೇ ಉಳಿದರೆ ಇಲ್ಲ. ಗಸಿ ಕೆಳಗಿಳಿದ ಮೇಲೆ ಕೈಗವಸು, ಕನ್ನಡಕ ಹಾಕಿಕೊಂಡು 2 ಮಿಲಿಲೀಟರ್ ಗಾಢ ಗಂಧಕಾಮ್ಲ ಸೇರಿಸಿ. ನಂತರ ಬಾಟಲಿಯನ್ನು ಕತ್ತಲಲ್ಲಿಟ್ಟು ಅದೇ ದಿನ, ತಡಮಾಡದೆ ಟೈಟ್ರೇಟ್ ಮಾಡಿ (ತಿಳಿದ ಸಾಂದ್ರತೆಯ ದ್ರಾವಣ ಹನಿಹನಿಯಾಗಿ ಹಾಕಿ ಎಷ್ಟು ಖರ್ಚಾಯಿತೆಂದು ಅಳೆಯುವುದು). 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟ್ ದ್ರಾವಣ ಬಳಸಿದರೆ ಲೆಕ್ಕ ಸುಲಭ: ಮೂಲ ನೀರಿನ 200 ಮಿಲಿಲೀಟರಿಗೆ ಖರ್ಚಾದ ಪ್ರತಿ ಮಿಲಿಲೀಟರೂ ಲೀಟರಿಗೆ 1 ಮಿಲಿಗ್ರಾಂ. ರಾಸಾಯನಿಕ ಸೇರಿರುವುದರಿಂದ 200ರ ಬದಲು ಬಾಟಲಿಯಿಂದ 203 ಅಳೆದುಕೊಳ್ಳಬೇಕು.

ಮೀಟರನ್ನೂ ಕುರುಡಾಗಿ ನಂಬಬೇಡಿ. ಪೊರೆ ಇರುವ ಪ್ರೋಬ್ (ನೀರಿಗೆ ಅದ್ದುವ ಮೀಟರಿನ ತುದಿ) ನಿಂತ ನೀರಿನಲ್ಲಿ ಕಡಿಮೆ ತೋರಿಸುತ್ತದೆ, ಮೆಲ್ಲಗೆ ಆಡಿಸುತ್ತಿರಬೇಕು. ಪೊರೆಯ ಕೆಳಗೆ ಗುಳ್ಳೆ ಸಿಕ್ಕಿದ್ದರೂ ಅಂಕಿ ಕೆಡುತ್ತದೆ.

ಪ್ರಶ್ನೆ: ಅಣೆಕಟ್ಟಿನ ಕೆಳಗೆ ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ ಏಕೆ?

ಉತ್ತರ: ಬೇಸಿಗೆಯಲ್ಲಿ ಆಳವಾದ ಜಲಾಶಯದ ತಳದ ನೀರು ಮೇಲಿನದರ ಜೊತೆ ಬೆರೆಯದೆ ಆಮ್ಲಜನಕ ಕಳೆದುಕೊಂಡರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಕೆಸರಿನ ಕಬ್ಬಿಣ-ಮ್ಯಾಂಗನೀಸ್ ಕರಗುತ್ತದೆ. ತಳದ ತೂಬು ತೆರೆದಾಗ ಅದೇ ನೀರು ಹೊಳೆಗೆ ಬರುತ್ತದೆ. ಮುಂದೆ ಕಲ್ಲುಗಳ ಮೇಲೆ ತುಕ್ಕು ಬಣ್ಣದ ಇಲ್ಲವೇ ಕಪ್ಪು ಲೇಪ ಕಂಡರೆ ಆ ಲೋಹಗಳಿಗೂ ಪರೀಕ್ಷೆ ಮಾಡಿಸಿ.