ಬಂಗಡೆ ಸಾರಿನ ಊರು ಯಾವುದು?

ಕಾರವಾರದ ಊಟವೆಂದರೆ ಗೋವಾದ ಊಟವೇ ಅಲ್ಲವೇ, ಅಷ್ಟು ಖಾರ ಕರ್ನಾಟಕದವರ ನಾಲಗೆಗೆ ಹೇಗೆ ಹಿಡಿಸೀತು ಎಂದು ನೀವು ಕೇಳಿದ್ದೀರಿ. ಮೈಸೂರಿನಲ್ಲಿ ಕುಳಿತು ನೋಡಿದರೆ ಹಾಗನ್ನಿಸುವುದು ಸಹಜವೇ ಇರಬಹುದು. ಆದರೆ ಈ ಪ್ರಶ್ನೆಗೆ ಉತ್ತರಿಸುವುದು ನಮ್ಮೂರಿನವರಿಗೆ ಹಲ್ಲುಜ್ಜುವಷ್ಟೇ ನಿತ್ಯದ ಕೆಲಸವಾಗಿಬಿಟ್ಟಿದೆ.

ಖಾರದ ಮಾತನ್ನು ಮೊದಲು ಮುಗಿಸುತ್ತೇನೆ. ನಮ್ಮ ಸಾರಿನ ಕೆಂಪು ಬಣ್ಣ ಬರುವುದು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯಿಂದ. 2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಆ ಮೆಣಸಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ತಟ್ಟೆಯ ಬಣ್ಣ ಕಂಡೇ ಹೆದರಿ ನೀರಿನ ಲೋಟ ಹತ್ತಿರ ಎಳೆದುಕೊಳ್ಳುವವರನ್ನು ನಾವು ಬಹಳ ಕಂಡಿದ್ದೇವೆ. ನಾಲಗೆಯನ್ನು ನಿಜವಾಗಿ ಕಾಡುವುದು ತೆಪ್ಪಲ ಎಂಬ ಸಣ್ಣ ಮಸಾಲೆ ಕಾಯಿ. ಅದರ ಕರಿಯ ಬೀಜ ತೆಗೆದು, ಸಿಪ್ಪೆಯನ್ನು ತುಸು ಜಜ್ಜಿ, ಕಾಯಿ ರುಬ್ಬಿದ ಮಸಾಲೆ ಕುದಿಯುವಾಗ ಹಾಕುತ್ತೇವೆ. ಅದನ್ನು ಮಸಾಲೆಯೊಡನೆ ನುಣ್ಣಗೆ ರುಬ್ಬಿಬಿಟ್ಟರೆ ಸಾರು ಕಹಿಯಾಗುವ ಭಯವಿದೆ. ಬಂಗಡೆ, ತಾರ್ಲೆಗಳಂಥ ಎಣ್ಣೆಯಂಶದ ಮೀನಿನ ವಾಸನೆಯನ್ನು ಅದು ಹತ್ತಿಕ್ಕುತ್ತದೆ ಮತ್ತು ತುಟಿಗಳಲ್ಲಿ ಜುಮುಜುಮು ಉಳಿಸುತ್ತದೆ. ಹುಳಿಗೆ ಮುರುಗಲ ಸಿಪ್ಪೆ, ಜೊತೆಗೆ ಕುಚ್ಚಲಕ್ಕಿ ಅನ್ನ. ರವೆ ಹಚ್ಚಿ ಹುರಿದ ಇಸವಣ ಮೀನಿನ ತುಂಡನ್ನು ನೀವು ಬೆಂಗಳೂರಿನಲ್ಲೂ ತಿಂದಿರುತ್ತೀರಿ, ಆದ್ದರಿಂದ ಅದನ್ನು ಬಿಡುತ್ತೇನೆ.

ಇನ್ನು ಗೋವಾದ ಮಾತು. ವಿನೆಗರ್ ಹಾಕಿ ಅರೆದ ರೆಶಾದ್ ಮಸಾಲೆಯನ್ನು ಮೀನಿನ ಹೊಟ್ಟೆಗೆ ತುಂಬಿ ಹುರಿಯುವುದು ಪೋರ್ಚುಗೀಸರ ಒಡನಾಟದಿಂದ ಗೋವಾಕ್ಕೆ ಬಂದದ್ದು. ಅದನ್ನು ಅವರದೆಂದು ಒಪ್ಪಲು ನಮಗೇನೂ ಸಂಕಟವಿಲ್ಲ. ಆದರೆ ತೆಪ್ಪಲ ಹಾಕಿದ ಕಾಯಿಸಾರು ಅಲ್ಲಿನ ಹಿಂದೂ ಮನೆಗಳಲ್ಲೂ ಇದೆ, ನಮ್ಮ ಮನೆಗಳಲ್ಲೂ ಇದೆ, ಮತ್ತು ಎರಡಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ. ಇಲ್ಲೇ ತೊಡಕು ಶುರುವಾಗುವುದು. ಸಾಮ್ಯವನ್ನು ಒಪ್ಪಿಕೊಂಡ ಕೂಡಲೇ ಕೇಳಿದವರು, ‘ನೋಡಿ, ಗೋವಾದ್ದೇ ಆಯಿತಲ್ಲ’ ಎನ್ನುತ್ತಾರೆ. ಎರಡು ಊರಿನ ಅಡುಗೆ ಒಂದೇ ಆಗಿದ್ದರೆ ಅದು ಪ್ರಸಿದ್ಧ ಊರಿನದೇ ಆಗಿರಬೇಕು ಎಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು. ಗಡಿಯಾಚೆ ಗೋವಾದಲ್ಲಿರುವ ಕಾಣಕೋಣ ಹದಿನೆಂಟನೇ ಶತಮಾನದವರೆಗೂ ಶಿರಸಿ ಸಮೀಪದ ಸೋಂದೆಯ ಅರಸರಿಗೆ ಸೇರಿತ್ತು. ಹೈದರಾಲಿಯ ದಾಳಿಗೆ ಸೋತ ಅರಸ ಗೋವಾದ ಆಶ್ರಯಕ್ಕೆ ಹೋದ ಮೇಲೆ ಅದು ಪೋರ್ಚುಗೀಸರ ಕೈಸೇರಿತು. ಆ ಲೆಕ್ಕದಲ್ಲಿ ಕಾಣಕೋಣದ ಸಾರನ್ನೇ ಸೋಂದೆ ಸಾರೆಂದು ಕರೆಯಬಹುದು. ನಾವು ಹಾಗೆ ಕರೆಯಲು ಹೋಗಿಲ್ಲ.

ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮೀನುಪೇಟೆಯಲ್ಲಿ ಎರಡೂ ಸಾಲದೆ ಕೈಸನ್ನೆ: ಇದು ನಮ್ಮ ದಿನಚರಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಮಹಾರಾಷ್ಟ್ರ ಕಾರವಾರವನ್ನು ತನ್ನದೆಂದು ಕೇಳಿತು, ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ತನ್ನ 1967ರ ವರದಿಯಲ್ಲಿ ಅದನ್ನು ಒಪ್ಪಲಿಲ್ಲ. ಕಾರವಾರ ಕರ್ನಾಟಕದ್ದೇ ಎಂದು ಆಯೋಗ ಒಪ್ಪಿದ್ದನ್ನು ಬೆಂಗಳೂರಿನ ಹೋಟೆಲುಗಳು ಇನ್ನೂ ಒಪ್ಪಿಲ್ಲ. ಅಲ್ಲಿ ಕರಾವಳಿ ಎಂದರೆ ಒಂದೋ ಮಂಗಳೂರು, ಇಲ್ಲವೇ ಗೋವಾ. ನಡುವಿನ ಉತ್ತರ ಕನ್ನಡ ಜಿಲ್ಲೆಯನ್ನು ಊಟದ ಪಟ್ಟಿ ಬರೆಯುವವರು ದಾಟಿಯೇ ಹೋಗುತ್ತಾರೆ.

ಮೀನಿನ ಕಥೆಯಂತೂ ಇನ್ನೂ ವಿಚಿತ್ರವಾದದ್ದು. ಇಲ್ಲಿ ಹಿಡಿದ ಮೀನು ಲಾರಿಯೇರಿ ಗೋವಾ ಗಡಿಯ ಮಾಜಾಳಿ ದಾಟಿದರೆ ಅಲ್ಲಿನ ಪ್ರವಾಸಿಯ ತಟ್ಟೆಯಲ್ಲಿ ಗೋವಾದ ಮೀನಾಗುತ್ತದೆ. ಆದರೆ 2018ರಲ್ಲಿ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆಂಬ ಗದ್ದಲವೆದ್ದು ಗೋವಾ ಸರ್ಕಾರ ಹೊರರಾಜ್ಯದ ಮೀನಿನ ಮೇಲೆ ನಿರ್ಬಂಧ ಹೇರಿದಾಗ, ಅದೇ ಮೀನು ಒಮ್ಮೆಲೇ ಕರ್ನಾಟಕದ್ದಾಯಿತು. ಹೊಗಳಿಕೆ ಬಂದರೆ ಅವರ ಮೀನು, ಸಂಶಯ ಬಂದರೆ ನಮ್ಮ ಮೀನು!

ದೂರನ್ನು ಹೊರಗಿನವರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ನಮ್ಮೂರಿನಲ್ಲೇ ಒಬ್ಬ ಹೋಟೆಲಿನವರು ‘ಗೋವನ್ ಫಿಶ್ ಥಾಲಿ’ ಎಂಬ ಫಲಕ ಹಾಕಿದ್ದಾರೆ. ಕೇಳಿದರೆ, ‘ಕಾರವಾರ ಅಂತ ಬರೆದರೆ ಗಾಡಿ ನಿಲ್ಲೋದಿಲ್ಲ ಮಾರಾಯ್ರೇ’ ಎನ್ನುತ್ತಾರೆ. ಒಳಗೆ ಬಡಿಸುವುದು ಮಾತ್ರ ಅವರ ತಾಯಿ ಕಲಿಸಿದ ಸಾರನ್ನೇ, ಮತ್ತು ಅದು ಬಹಳ ಚೆನ್ನಾಗಿರುತ್ತದೆ.

ನೀವು ಬರುವುದಾದರೆ ಜೂನ್ ಮತ್ತು ಜುಲೈ ಬಿಟ್ಟು ಬನ್ನಿ. ಆಗ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ತಾಜಾ ಮೀನು ಕಡಿಮೆ, ಒಣಮೀನೇ ಹೆಚ್ಚು. ಅದೇ ಹೋಟೆಲಿಗೆ ಕರೆದೊಯ್ಯುತ್ತೇನೆ. ತೆಪ್ಪಲ ಬಾಯಿಗೆ ಬಂದರೆ ಅಗಿಯದೆ ಬದಿಗಿಡಿ, ಫಲಕವನ್ನು ದಯವಿಟ್ಟು ಓದಬೇಡಿ.