ಓದುಗರ ಪ್ರಶ್ನೆ: ಮನೇಲಿ ಪೋಲ್ ನಿಲ್ಸೋಕೆ ಮುಂಚೆ ತಲೆ ಎತ್ತಿ ಸೀಲಿಂಗ್ ನೋಡಿ

ಪ್ರಶ್ನೆ: ನಮಸ್ತೆ ಮೇಡಂ. ಇಂದಿರಾನಗರದ ಸ್ಟುಡಿಯೋ ಒಂದ್ರಲ್ಲಿ ಕೆಲವು ತಿಂಗಳಿಂದ ಪೋಲ್ ಫಿಟ್‌ನೆಸ್, ಅಂದ್ರೆ ನೆಟ್ಟಗೆ ನಿಲ್ಸಿರೋ ಲೋಹದ ಕಂಬ ಹತ್ತಿ ತಿರುಗಿ ಮಾಡೋ ವ್ಯಾಯಾಮ, ಕಲೀತಿದ್ದೀನಿ, ಆದ್ರೆ ವಿಜಯನಗರದಿಂದ ಅಲ್ಲಿಗೆ ಹೋಗಿ ಬರೋಷ್ಟ್ರಲ್ಲಿ ಸಾಯಂಕಾಲಾನೇ ಮುಗ್ದೋಗತ್ತೆ, ಅದಕ್ಕೆ ಮನೇಲೇ ಒಂದು ಪೋಲ್ ಹಾಕ್ಕೊಳ್ಳೋಣ ಅಂತ. ಬಾಡಿಗೆ ಮನೆ, ಓನರ್ ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಡ್ರಿಲ್ ಮಾಡ್ದೆ ನಿಲ್ಸೋ ಪೋಲ್ ಆನ್‌ಲೈನಲ್ಲಿ ನೋಡ್ದೆ, 200 ಕೆಜಿ ತಡೆಯತ್ತೆ ಅಂತ ಹಾಕಿದಾರೆ. ನಂಬಬಹುದಾ? ಹಾಲಲ್ಲಿ ಫಾಲ್ಸ್ ಸೀಲಿಂಗ್ ಇದೆ, ಬೆಡ್‌ರೂಮಲ್ಲಿ ಇಲ್ಲ.

ಉತ್ತರ: ಆ 200 ಕೆಜಿ ಲೆಕ್ಕಾನ ಸದ್ಯಕ್ಕೆ ಪಕ್ಕಕ್ಕಿಡಿ. ಅದು ಹೆಚ್ಚಂದ್ರೆ ಪೈಪ್ ತಡೆಯೋ ತೂಕ, ನಿಮ್ಮನೆ ಸೀಲಿಂಗ್ ಎಂಥದ್ದು ಅಂತ ಮಾರೋರಿಗೆ ಹೇಗೆ ಗೊತ್ತಿರತ್ತೆ? ಡ್ರಿಲ್ ಇಲ್ದೆ ನಿಲ್ಲೋದನ್ನ ಟೆನ್ಷನ್ ಪೋಲ್ ಅಂತಾರೆ. ಬುಡದಲ್ಲಿರೋ ಸ್ಕ್ರೂ ತಿರುಗಿಸ್ತಾ ಹೋದ ಹಾಗೆ ಪೈಪ್ ಮೇಲೆದ್ದು, ತುದೀಲಿರೋ ಡೋಮ್, ಅಂದ್ರೆ ರಬ್ಬರ್ ಪ್ಯಾಡ್ ಹಾಕಿರೋ ತಟ್ಟೆ, ಸೀಲಿಂಗ್‌ಗೆ ಒತ್ಕೊಂಡು ಕೂರತ್ತೆ. ಅಷ್ಟೇ, ಬೇರೆ ಯಾವ ಆಧಾರಾನೂ ಇಲ್ಲ. ನೆಟ್ಟಗೆ ಹತ್ತಿ ಹಿಡ್ಕೊಂಡಿದ್ರೆ ನಿಮ್ಮ ಭಾರ ನೆಲಕ್ಕೆ ಇಳಿಯತ್ತೆ, ಅದೇನೂ ಕಷ್ಟ ಅಲ್ಲ, ಆದ್ರೆ ಕಾಲು ಬೀಸಿ ತಿರುಗಿದಾಗ ಮೈ ಪೋಲನ್ನ ಪಕ್ಕಕ್ಕೆ ಎಳೆಯತ್ತೆ, ಆ ಎಳೆತಾನ ಮೇಲ್ಗಡೆ ತಡೆಯೋದು ಡೋಮ್‌ಗೂ ಸೀಲಿಂಗ್‌ಗೂ ಮಧ್ಯೆ ಇರೋ ಹಿಡಿತ ಒಂದೇ. ಅದು ಜಾರ್ತು ಅಂದ್ರೆ ನೀವು ಮಾತ್ರ ಅಲ್ಲ, ಹಿಂದೇನೇ ಆ ಕಬ್ಬಿಣದ ಪೈಪೂ ನಿಮ್ಮ ಮೇಲೇ ಬೀಳತ್ತೆ. ಮನೇಲಿ ಮಾಡೋದ್ರಲ್ಲಿ ನನಗೆ ಜಾಸ್ತಿ ಭಯ ಇರೋದು ಇದೊಂದೇ ವಿಷಯಕ್ಕೆ.

ಹಾಲ್ ಯೋಚ್ನೆ ಬಿಟ್ಬಿಡಿ. ಪಿಒಪಿ ಆಗ್ಲಿ ಜಿಪ್ಸಮ್ ಬೋರ್ಡ್ ಆಗ್ಲಿ, ಫಾಲ್ಸ್ ಸೀಲಿಂಗ್ ತನ್ನ ಭಾರಾನೇ ತಂತಿ, ಪಟ್ಟಿಗಳಲ್ಲಿ ನೇತಾಕ್ಕೊಂಡಿರತ್ತೆ, ಅದಕ್ಕೆ ಡೋಮ್ ಒತ್ತಿದ್ರೆ ಬಿರುಕು ಬಿಡತ್ತೆ, ಇಲ್ಲ ಮೇಲಕ್ಕೆ ಎದ್ದು ಬಿಡತ್ತೆ. ಬೆಡ್‌ರೂಮಲ್ಲಿ ಆರ್‌ಸಿಸಿ ಮೋಲ್ಡ್ ಇದ್ರೆ ಸರಿ. 5 ಇಂಚು ದಪ್ಪದ ಸ್ಲ್ಯಾಬ್ ಒಂದು ಚದರ ಮೀಟರ್‌ಗೆ ಸುಮಾರು 300 ಕೆಜಿ ತೂಗತ್ತೆ, ಒಳಗೆ ಕಂಬಿ ಬೇರೆ ಇರತ್ತೆ, ಡೋಮ್ ಒತ್ತಿದ್ರೆ ಅಲ್ಲಾಡಲ್ಲ. ಆದ್ರೂ ನೀರು ಸೋರಿ ಕಲೆ ಬಿದ್ದಿರೋ ಕಡೆ, ಪ್ಲಾಸ್ಟರ್ ಉಬ್ಬಿರೋ ಕಡೆ ಬೇಡ. ಕೋಲಿನ ತುದೀಲಿ ಸೀಲಿಂಗ್ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ್ರೆ ಪ್ಲಾಸ್ಟರ್ ಬಿಟ್ಕೊಂಡಿದೆ ಅಂತ ಅರ್ಥ. ಟೈಲ್‌ನೂ ಹಾಗೇ ಕಾಯಿನ್‌ನಲ್ಲಿ ತಟ್ಟಿ ನೋಡಿ, ಕೆಳಗೆ ಸಿಮೆಂಟ್ ತುಂಬದೆ ಇರೋ ಟೈಲ್ ಮೇಲೆ ಬುಡ ಕೂರ್ಸಿದ್ರೆ ಬಿಗಿ ಮಾಡೋವಾಗ್ಲೇ ಸೀಳು ಬಿಡತ್ತೆ.

ನಮ್ಮ ಕಡೆ ಮನೆಗಳಲ್ಲಿ ಇನ್ನೊಂದು ತಾಪತ್ರಯ ಇದೆ, ಫ್ಯಾನ್. ರೂಮಿನ ಸರಿಯಾಗಿ ಮಧ್ಯದಲ್ಲೇ ಇರತ್ತೆ, ಪೋಲ್‌ಗೆ ಜಾಗ ಬೇಕಾಗಿರೋದೂ ಅಲ್ಲೇ. 48 ಇಂಚಿನ ಫ್ಯಾನ್ ಅಂದ್ರೆ ಮಧ್ಯದಿಂದ ರೆಕ್ಕೆ ತುದಿಗೆ 2 ಅಡಿ, ನೀವು ಮೇಲೆ ಹತ್ತಿ ಕಾಲು ಚಾಚಿದ್ರೆ ಇನ್ನೂ 3 ಅಡಿ ಅಂದ್ಕೊಳ್ಳಿ. ಸ್ವಿಚ್ ಆಫ್ ಮಾಡ್ಕೊಂಡ್ರೆ ಆಯ್ತಲ್ಲ ಅನ್ನೋರಿದಾರೆ, ಆದ್ರೆ ನಿಂತಿರೋ ರೆಕ್ಕೆಗೆ ಪಾದ ಬಡಿದ್ರೂ ಗಾಯ ಗಾಯಾನೇ, ಜೊತೆಗೆ ಸೆಖೆ ಅಂತ ಮನೇಲಿ ಇನ್ಯಾರೋ ಬಂದು ಸ್ವಿಚ್ ಒತ್ತಿದ್ರೆ? ಪೋಲ್ ಸುತ್ತ ಎಲ್ಲಾ ಕಡೆ 5 ಅಡಿ ಖಾಲಿ ಇರ್ಬೇಕು, ಮಂಚದ ಮೂಲೆ, ಡ್ರೆಸ್ಸಿಂಗ್ ಟೇಬಲ್ ಕನ್ನಡಿ, ಕಿಟಕಿ ಗಾಜು ಯಾವ್ದೂ ಅದರೊಳಗೆ ಬರ್ಬಾರ್ದು. ಅಷ್ಟು ಜಾಗ ಇಲ್ದಿದ್ರೆ, ಬೇಜಾರಾದ್ರೂ ಹೇಳ್ತೀನಿ, ಆ ರೂಮಲ್ಲಿ ಪೋಲ್ ಬೇಡ.

ಎತ್ತರ ಅಳತೆ ಮಾಡ್ಕೊಂಡೇ ತಗೊಳ್ಳಿ. ಹೊರಗಿನ ಕಂಪ್ನಿಗಳ ಸಾಮಾನ್ಯ ಸೆಟ್‌ಗಳು 9 ಅಡಿ ಆಸುಪಾಸಿನವರೆಗೆ ಬರತ್ವೆ, ನಮ್ಮಲ್ಲಿ ಎಷ್ಟೋ ಮನೆ 10 ಅಡಿ. ಆ ಒಂದಡಿಗೆ ಅದೇ ಕಂಪ್ನಿ ಎಕ್ಸ್‌ಟೆನ್ಷನ್ ಪೀಸೇ ತಗೋಬೇಕು, ಬುಡಕ್ಕೆ ಇಟ್ಟಿಗೆ, ಮರದ ಹಲಗೆ ಕೊಟ್ಟು ಎತ್ತರ ಮಾಡೋದು, ಸ್ಕ್ರೂನ ಗುರುತಿಗಿಂತ ಜಾಸ್ತಿ ಹೊರಗೆ ತೆಗೆಯೋದು ಎರಡೂ ಬೇಡವೇ ಬೇಡ. ರಸಮಟ್ಟ ಇಟ್ಟು ಎರಡು ಕಡೆಯಿಂದ ನೆಟ್ಟಗಿದ್ಯಾ ನೋಡಿ. ಓರೆಯಾಗಿ ನಿಂತ ಪೋಲ್ ಎಷ್ಟು ಬಿಗಿ ಮಾಡಿದ್ರೂ ನಿಧಾನಕ್ಕೆ ಸರೀತಾನೇ ಇರತ್ತೆ.

ಬಿಗಿ ಮಾಡಿದ್ಮೇಲೆ ಸ್ಟೂಲ್ ಹತ್ತಿ ಡೋಮ್ ಸುತ್ತ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೀರಿ. ಆಮೇಲೆ ಎರಡೂ ಕೈಯಿಂದ ಪೋಲನ್ನ ನಾಲ್ಕೂ ಕಡೆಗೆ ಜೋರಾಗಿ ದೂಡಿ, ಎಳೀರಿ, ಇನ್ನೊಬ್ರು ಮೇಲೆ ನೋಡ್ತಾ ಇರ್ಲಿ. ಗೆರೆಗೂ ಡೋಮ್‌ಗೂ ಒಂದು ಕೂದಲೆಳೆ ಅಂತರ ಕಂಡ್ರೂ ಹತ್ಬೇಡಿ, ಬಿಚ್ಚಿ ಮತ್ತೆ ಮೊದ್ಲಿಂದ ಕೂರ್ಸಿ. ಗಟ್ಟಿಯಾಗಿದ್ರೆ ಮೊದ್ಲು ನೆಲದಿಂದ ಒಂದಡಿ ಮಾತ್ರ ಎದ್ದು ಜೋತುಬಿದ್ದು ನೋಡಿ, ಆಮೇಲೆ ಸಣ್ಣದೊಂದು ಸುತ್ತು. ಈ ಗೆರೆ ನೋಡೋ ಕೆಲ್ಸ ಪ್ರತಿ ಸಲಾನೂ ಮಾಡ್ಬೇಕು, ಯಾಕಂದ್ರೆ ರಬ್ಬರ್ ಒತ್ತಿ ಒತ್ತಿ ತೆಳ್ಳಗಾಗತ್ತೆ, ಪುಟ್ಟಿ ಪುಡಿಯಾಗತ್ತೆ, ಮೊನ್ನೆ ಬಿಗಿ ಇದ್ದಿದ್ದು ಇವತ್ತು ಸಡಿಲ ಆಗಿರತ್ತೆ. ಪೈಪ್ ಪೀಸ್‌ಗಳು ಸೇರೋ ಜಾಯಿಂಟ್ ಸ್ಕ್ರೂಗಳಿಗೂ ಆಲೆನ್ ಕೀ ಹಾಕಿ ನೋಡ್ಕೊಳ್ಳಿ. ಸ್ಪಿನ್ ಆಗೋ ಮಾದರಿ ಆದ್ರೆ ಲಾಕ್ ಸರಿಯಾಗಿ ಬಿದ್ದಿದ್ಯಾ ಅಂತ ಹತ್ತೋ ಮುಂಚೆ ಗಮನಿಸಿ, ಲಾಕ್ ಆಗಿದೆ ಅಂತ ಹಿಡಿದಿರೋ ಪೋಲ್ ತಿರುಗಿಬಿಟ್ರೆ ಕೈ ತಪ್ಪೇ ತಪ್ಪತ್ತೆ. ಓನರ್‌ಗೂ ಒಂದು ಮಾತು ಹೇಳ್ಬಿಡಿ, ಮೊಳೆ ಇಲ್ದಿದ್ರೂ ಸೀಲಿಂಗ್ ಮೇಲೆ ಒಂದು ಗುಂಡನೆ ಕಲೆ ಉಳ್ಯತ್ತೆ.

ಪ್ರಶ್ನೆ: ನಮ್ಮ ಮಾವನೋರು ಪೀಣ್ಯದಲ್ಲಿ ಫ್ಯಾಬ್ರಿಕೇಷನ್ ಶಾಪ್ ಇಟ್ಟಿದಾರೆ. ಮೆಟ್ಲು ರೇಲಿಂಗ್‌ಗೆ ಹಾಕೋ ಎಸ್‌ಎಸ್ ಪೈಪ್‌ಗೆ ಎರಡೂ ಕಡೆ ಪ್ಲೇಟ್ ವೆಲ್ಡ್ ಮಾಡ್ಕೊಡ್ತೀನಿ, ಟೆರೇಸ್ ಮೇಲಿನ ಶೀಟ್ ರೂಮಲ್ಲಿ ಹಾಕ್ಕೊಳ್ಳಿ ಅಂತಿದಾರೆ. ಹೆಂಡ್ತಿಗೆ ಬರ್ತ್‌ಡೇ ಗಿಫ್ಟ್ ಕೊಡೋಣ ಅಂತ. ಆಗತ್ತಾ ಮೇಡಂ?

ಉತ್ತರ: ಶೀಟ್ ರೂಮಲ್ಲಿ ಆಗಲ್ಲ ಸರ್. ಎಸಿಸಿ ಶೀಟ್, ಜಿಂಕ್ ಶೀಟ್, ಅದನ್ನ ಹೊತ್ತಿರೋ ಪೈಪ್ ಫ್ರೇಮ್ ಇವೆಲ್ಲ ಗಾಳಿ ಮಳೆಗೆ ಅಂತ ಮಾಡಿರೋದು, ಮನುಷ್ಯರ ಎಳೆತಕ್ಕಲ್ಲ. ಹಳೇ ಬಸವನಗುಡಿ, ಮಲ್ಲೇಶ್ವರದ ಕಡೆ ಇರೋ ಮದ್ರಾಸ್ ಟೆರೇಸ್ (ಮರದ ತೊಲೆ ಮೇಲೆ ಇಟ್ಟಿಗೆ ಜೋಡಿಸಿರೋ ತಾರಸಿ), ಕಲ್ಲು ಚಪ್ಪಡಿ ತಾರಸಿ ಮನೆಗಳಿಗೂ ಇದೇ ಮಾತು. ಚಪ್ಪಡಿ ಗೋಡೆ ಮೇಲೆ ಸುಮ್ನೆ ಕೂತಿರತ್ತೆ, ಕೆಳಗಿಂದ ಒತ್ತಿದ್ರೆ ಸಂದು ಬಿಡತ್ತೆ.

ಪೈಪ್ ವಿಷ್ಯಕ್ಕೆ ಬಂದ್ರೆ, ಮಾವನೋರ ಕೈಕೆಲಸದ ಬಗ್ಗೆ ನನಗೆ ಗೌರವ ಇದೆ, ಪೈಪ್ ಮಾತ್ರ ಬೇರೆ ಕೆಲಸದ್ದು. ರೇಲಿಂಗ್ ಪೈಪ್ ಸಾಮಾನ್ಯವಾಗಿ ಒಂದು, ಒಂದೂವರೆ ಮಿಲಿಮೀಟರ್ ದಪ್ಪದ್ದಿರತ್ತೆ, ಅಡಿಗಡಿಗೆ ಕಂಬ ಇರೋದ್ರಿಂದ ಅಲ್ಲಿ ಸಾಕಾಗತ್ತೆ, 10 ಅಡಿ ಒಂಟಿ ನಿಲ್ಲಿಸಿ ಮಧ್ಯೆ ಎಳೆದ್ರೆ ಬಾಗತ್ತೆ. ಜೊತೆಗೆ ಅದು ಒಂದೂವರೆ ಇಂಚು, ಇಲ್ಲಾಂದ್ರೆ ಎರಡಿಂಚು, ಅಂದ್ರೆ 38 ಅಥವಾ 51 ಮಿಲಿಮೀಟರ್, ಪೋಲ್‌ಗೆ ಈಗ ಹೆಚ್ಚು ಬಳಕೇಲಿರೋದು 45. ಚಿಕ್ಕ ಕೈಯೋರಿಗೆ 51 ಸುತ್ತ ಬೆರಳು ಕೂಡೋದೇ ಇಲ್ಲ, ಬೆವೆತ ಕೈ ಜಾರತ್ತೆ. ಸ್ವಂತ ಮನೆ, ಗಟ್ಟಿ ಮೋಲ್ಡ್ ಇದ್ರೆ ಪೋಲ್‌ಗೆ ಅಂತಾನೇ ಮಾಡಿರೋದನ್ನ ತಂದು ಸೀಲಿಂಗ್ ಪ್ಲೇಟ್‌ನ ಆಂಕರ್ ಫಾಸ್ಟ್‌ನರ್‌ನಲ್ಲಿ ಕೂರ್ಸಿ, ಆ ಕೆಲಸಕ್ಕೆ ಮಾವನೋರಿಗಿಂತ ಒಳ್ಳೇವ್ರು ಸಿಗಲ್ಲ. ಒಂದೇ ಎಚ್ಚರಿಕೆ, ನಮ್ಮಲ್ಲಿ ಮೋಲ್ಡ್ ಹಾಕೋವಾಗ್ಲೇ ಕರೆಂಟ್ ಪೈಪ್‌ಗಳನ್ನ ಒಳಗೆ ಹುದುಗ್ಸಿರ್ತಾರೆ, ಫ್ಯಾನ್ ಬಾಕ್ಸ್‌ನಿಂದ ಗೋಡೆ ಕಡೆಗೆ ಅವು ಎಲ್ಲಿ ಹೋಗಿವೆ ಅಂತ ಎಲೆಕ್ಟ್ರಿಷಿಯನ್ ಹತ್ರ ಕೇಳ್ದೆ ಡ್ರಿಲ್ ಇಡ್ಬೇಡಿ, ಇಡೋವಾಗ ಮೇನ್ ಆಫ್ ಮಾಡಿ.

ಪ್ರಶ್ನೆ: ನನ್ನ ಮಗಳು ಡಿಗ್ರಿ ಓದ್ತಿದಾಳೆ, ರೂಮಲ್ಲಿ ಪೋಲ್ ಬೇಕು ಅಂತ ಹಠ. ನಮ್ಮತ್ತೆ, ಅದು ಬಾರಲ್ಲಿ ಕುಣಿಯೋದು ಅಂತ ಊಟ ಬಿಟ್ಟು ಕೂತಿದಾರೆ. ನನಗೆ ಅದಕ್ಕಿಂತ ಬಿದ್ದು ಕತ್ತು ಗಿತ್ತು ಉಳುಕಿದ್ರೆ ಅನ್ನೋ ಚಿಂತೆ.

ಉತ್ತರ: ನಿಮ್ಮತ್ತೆಗೆ ಮಲ್ಲಕಂಬ ಗೊತ್ತೇ ಇರತ್ತೆ, ಉತ್ತರ ಕರ್ನಾಟಕದ ಕಡೆ ಹೆಣ್ಮಕ್ಕಳೂ ಎಷ್ಟು ಚೆನ್ನಾಗಿ ಹತ್ತಿ ಆಸನ ಹಾಕ್ತಾರೆ ಅಂತ ಒಂದು ವಿಡಿಯೋ ತೋರ್ಸಿ ಮಾತು ಶುರು ಮಾಡಿ. ಪೋಲ್ ಕೂಡ ಸ್ಪರ್ಧೆ, ನಿಯಮ ಎಲ್ಲಾ ಇರೋ ಆಟ, ಅದರ ಅಂತರರಾಷ್ಟ್ರೀಯ ಫೆಡರೇಷನ್‌ಗೆ 2017ರಲ್ಲಿ ಆಗಿದ್ದ ಜಾಗತಿಕ ಕ್ರೀಡಾ ಒಕ್ಕೂಟಗಳ ಸಂಘದ ವೀಕ್ಷಕ ಸ್ಥಾನಾನೂ ಸಿಕ್ಕಿತ್ತು. ಆದ್ರೆ ಮಲ್ಲಕಂಬಾನ ಆಳವಾಗಿ ನೆಲದಲ್ಲಿ ಹೂತಿರ್ತಾರೆ, ಪಕ್ಕದಲ್ಲಿ ಗುರುಗಳು ನಿಂತಿರ್ತಾರೆ. ಮಗಳ ರೂಮಲ್ಲಿ ಇವೆರಡೂ ಇರಲ್ಲ, ನಿಮ್ಮ ಚಿಂತೆ ಸರಿಯಾಗೇ ಇದೆ.

ಹಾಗಾಗಿ ಮೊದ್ಲು ಕೆಲವು ತಿಂಗ್ಳು ಕ್ಲಾಸ್‌ಗೆ ಹೋಗಿ ಕಲೀಲಿ, ಇಳಿಯೋದನ್ನ ಮುಖ್ಯವಾಗಿ. ಮೇಲೆ ಹತ್ತೋದು ಎಲ್ರಿಗೂ ಬೇಗ ಬರತ್ತೆ, ಕೈ ಸೋತಾಗ ಹೇಗೆ ಇಳೀಬೇಕು ಅನ್ನೋದು ಬರಲ್ಲ. ತಲೆಕೆಳಗಾಗೋ ಯಾವ ಹೊಸ ಪಟ್ಟನ್ನೂ ಮನೇಲಿ ವಿಡಿಯೋ ನೋಡ್ಕೊಂಡು ಮೊದಲ ಸಲ ಮಾಡ್ಬಾರ್ದು. ಪೋಲ್ ಬುಡದ ಸುತ್ತ ಕೂರೋ 4 ಇಂಚು ದಪ್ಪದ ಕ್ರ್ಯಾಶ್ ಮ್ಯಾಟ್, ಅಂದ್ರೆ ಬಿದ್ದಾಗ ಪೆಟ್ಟು ತಡೆಯೋ ಮ್ಯಾಟ್, ಬೇಕು, ಯೋಗ ಮ್ಯಾಟ್ ಅಲ್ಲ, ಮಂಚದ ಹಾಸಿಗೇನೂ ಅಲ್ಲ, ಹಾಸಿಗೆ ಅಂಚಲ್ಲಿ ಕಾಲು ಮಡಚತ್ತೆ. ಮ್ಯಾಟ್ ಇದೆ ಅಂತ ಧೈರ್ಯಾನೂ ಬೇಡ, ತಲೆ ಮೊದಲು ಬಂದ್ರೆ ಅದು ಪೂರ್ತಿ ಕಾಯಲ್ಲ. ಅವಳು ಮಾಡೋವಾಗ ಮನೇಲಿ ಯಾರಾದ್ರೂ ಇರ್ಲಿ, ಬಾಗಿಲಿಗೆ ಒಳಗಿಂದ ಚಿಲಕ ಹಾಕೋದು ಬೇಡ. ಅಕಸ್ಮಾತ್ ಬಿದ್ದು ಕತ್ತು, ಬೆನ್ನು ನೋವು ಅಂದ್ರೆ ಎತ್ತಿ ಕೂರ್ಸೋಕೆ ಹೋಗ್ಬೇಡಿ, ಅಲುಗಾಡ್ಸದೆ 108ಕ್ಕೆ ಫೋನ್ ಮಾಡಿ. ಚಿಕ್ಕ ಮಕ್ಕಳು ಬಂದು ಹೋಗೋ ಮನೆ ಆದ್ರೆ ಪ್ರಾಕ್ಟೀಸ್ ಆದ್ಮೇಲೆ ಪೋಲ್ ಬಿಚ್ಚಿ ಎತ್ತಿಡಿ, ಇಲ್ಲಾಂದ್ರೆ ಆ ರೂಮಿಗೆ ಬೀಗ.

ಪ್ರಶ್ನೆ: ಪೋಲ್ ಹಿಡಿದ ಕಡೆ ತೊಡೆ ಮೇಲೆ ಕೆಂಪು ಗುಳ್ಳೆ ಏಳತ್ತೆ, ಜೊತೆಗೆ ಕೈ ತುಂಬಾ ಜಾರತ್ತೆ. ಯಾಕೆ?

ಉತ್ತರ: ಆರ್ಟಿಫಿಷಿಯಲ್ ಓಲೆ ಹಾಕಿದ್ರೂ ಕಿವಿ ಕೆರೆಯತ್ತಾ? ಹಾಗಿದ್ರೆ ನಿಕ್ಕಲ್ ಅಲರ್ಜಿ ಇರಬಹುದು, ಸ್ಕಿನ್ ಡಾಕ್ಟರ್‌ಗೆ ತೋರ್ಸಿ. ಕ್ರೋಮ್ ಲೇಪನದ ಕೆಳಗೆ ಸಾಮಾನ್ಯವಾಗಿ ನಿಕ್ಕಲ್ ಪದರ ಇರತ್ತೆ, ಪೌಡರ್ ಕೋಟಿಂಗ್ ಪೋಲ್‌ಗೆ ಬದಲಾಯಿಸಿ ನೋಡಿ. ಜಾರೋದಕ್ಕೆ ಮೊದಲ ಕಾರಣ ಎಣ್ಣೆ, ಲೋಷನ್. ಪ್ರಾಕ್ಟೀಸ್ ಇರೋ ದಿನ ಮೈ ಕೈಗೆ ಏನೂ ಹಚ್ಕೋಬೇಡಿ, ತಲೆಗೆ ಕೊಬ್ಬರಿ ಎಣ್ಣೆ ಹಾಕಿದ ಕೈಯಲ್ಲಿ ಅಂತೂ ಮುಟ್ಲೇಬೇಡಿ. ಮುಂಚೆ, ಮಧ್ಯೆ, ಆಮೇಲೆ ಪೋಲನ್ನ ಸರ್ಜಿಕಲ್ ಸ್ಪಿರಿಟ್ ಹಾಕಿದ ಬಟ್ಟೇಲಿ ಒರೆಸಿ, ಆರಿದ್ಮೇಲೆ ಹತ್ತಿ. ಮಳೆಗಾಲದಲ್ಲಿ ಪೋಲ್ ಮೇಲೆ ತೇವ ಕೂರತ್ತೆ, ಡಿಸೆಂಬರ್ ಬೆಳಿಗ್ಗೆ ಲೋಹ ತಣ್ಣಗಿದ್ದು ಚರ್ಮ ಹಿಡಿಯಲ್ಲ, ಆಗ ಬಟ್ಟೇಲಿ ತಿಕ್ಕಿ ಬೆಚ್ಚಗೆ ಮಾಡ್ಕೊಂಡು ಶುರು ಮಾಡಿ. ಉಂಗುರ, ಬಳೆ, ಕಾಲುಂಗುರ, ಸರ ಎಲ್ಲಾ ಬಿಚ್ಚಿಡಿ, ಉಂಗುರದಿಂದ ಬಿದ್ದ ಗೀರು ಪೋಲ್ ಮೇಲೆ ಹಾಗೇ ಉಳಿದು ಮುಂದಿನ ಸಲ ತೊಡೆ ಕೊಯ್ಯತ್ತೆ.