ಹನ್ನೊಂದು ವರ್ಷದ ಕಾರು ಎಂಒಟಿಯಲ್ಲಿ ಫೇಲಾದರೆ

ಹೋದ ವರ್ಷ ಪಾಸಾದ ನಿಮ್ಮ ಹನ್ನೊಂದು ವರ್ಷದ ಕಾರು ಈ ಸಲ ಸ್ಪ್ರಿಂಗ್ ಮುರಿದು ಎಂಒಟಿಯಲ್ಲಿ (ಬ್ರಿಟನ್ನಿನ ಕಡ್ಡಾಯ ವಾರ್ಷಿಕ ವಾಹನ ತಪಾಸಣೆ) ಫೇಲಾಗಲು ಕಾರಣ ಬಹುಶಃ ತುಕ್ಕು. ಬ್ರಿಟನ್ನಿನಲ್ಲಿ ಚಳಿಗಾಲದ ರಸ್ತೆಗೆ ಎರಚುವ ಉಪ್ಪು ಕಾರಿನ ತಳವನ್ನು ತಿಂದುಹಾಕುತ್ತದೆ. ನನ್ನ ಕಾರಿನ ಸ್ಪ್ರಿಂಗಿನ ಕೆಳಸುತ್ತು ಒಡೆದ ಬಳೆಯಂತೆ ಕಳಚಿ ಬಿದ್ದಿತ್ತು. ಹಾಗಾಗಿ ಕಾರು ಮಾರಿದವನನ್ನು ಈಗಲೇ ಬೈಯಬೇಡಿ.

ಮೊದಲು ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿ ಹಿಂದಿನ ಎಂಒಟಿಗಳ ವಿವರ ನೋಡಿ, ಉಚಿತ. 'ಅಡ್ವೈಸರಿ' ಸಾಲುಗಳಲ್ಲಿ (ಫೇಲು ಮಾಡದೆ, ಗಮನವಿರಲಿ ಎಂದು ಬರೆದ ಎಚ್ಚರಿಕೆಗಳಲ್ಲಿ) ತುಕ್ಕಿನ ಮಾತಿದ್ದರೆ ಬ್ರೇಕ್ ಪೈಪುಗಳನ್ನೂ ತೋರಿಸಿ. ಕಾರು ನೋಡದೆ ನಾನು ಅಷ್ಟೇ ಹೇಳಬಲ್ಲೆ. ಸ್ಪ್ರಿಂಗುಗಳನ್ನು ಎಡಬಲ ಜೋಡಿಯಾಗಿಯೇ ಬದಲಿಸುವುದು ಒಳ್ಳೆಯದು. ಪರೀಕ್ಷಿಸಿದ ಗ್ಯಾರೇಜಿನಲ್ಲೇ ಕಾರು ಬಿಟ್ಟು ರಿಪೇರಿ ಮಾಡಿಸಿದರೆ, 10 ಕೆಲಸದ ದಿನಗಳೊಳಗಿನ ಭಾಗಶಃ ಮರುಪರೀಕ್ಷೆಗೆ ಶುಲ್ಕವಿಲ್ಲ. ಚೀಟಿಯಲ್ಲಿ 'ಡೇಂಜರಸ್' ಎಂದಿದ್ದರೆ ಮಾತ್ರ ಕಾರನ್ನು ಅಲ್ಲಿಂದ ಓಡಿಸಿಕೊಂಡು ಬರಲೇಬೇಡಿ.